ಬರಿಹೊಟ್ಟೆಯ ಮೇಲೊಂದು ಗುಡಿಸು

ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಕಾಗದದ ಚೀಟಿಯನ್ನು ನೀವು ಓದುವುದಿಲ್ಲ, ನಾನೂ ಓದುವುದಿಲ್ಲ. ಡಬ್ಬಿ ತೆರೆಯುತ್ತೇವೆ, ಚೀಟಿಯನ್ನು ಎಳೆದು ಬಿಸಾಡುತ್ತೇವೆ, ಮಾತ್ರೆ ನುಂಗುತ್ತೇವೆ. ಆದರೆ ಆ ಚೀಟಿಯನ್ನೂ ಯಾರೋ ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ತಿದ್ದಿರುತ್ತಾರೆ. ಅಂಥ ಚೀಟಿಗಳನ್ನಷ್ಟೇ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ತಿದ್ದಮ್ಮ.

ತಿದ್ದಮ್ಮ ಓದುತ್ತಿದ್ದದ್ದು ಹಿಂದಿನಿಂದ ಮುಂದಕ್ಕೆ. ಚೀಟಿಯ ಕೊನೆಯ ಪದದಿಂದ ಶುರು ಮಾಡಿ ಮೊದಲ ಪದಕ್ಕೆ ಬಂದು ಮುಟ್ಟುತ್ತಿದ್ದಳು. ಮುಂದಿನಿಂದ ಓದಿದರೆ ಅರ್ಥ ಆಗಿಬಿಡುತ್ತದೆ, ಅರ್ಥ ಆದರೆ ಮನಸ್ಸು ಅದರ ಹಿಂದೆ ಹೋಗಿ ತಪ್ಪು ನುಣುಚಿಕೊಳ್ಳುತ್ತದೆ ಎಂಬುದು ಅವಳ ವಾದ. ಹಾಗಾಗಿ ಸಾವಿರಾರು ಚೀಟಿ ತಿದ್ದಿದ್ದರೂ ತಲೆನೋವಿಗೆ ಯಾವ ಮಾತ್ರೆ ಎಂದು ಕೇಳಿದರೆ ಪಕ್ಕದ ಮನೆಯವರನ್ನು ವಿಚಾರಿಸಬೇಕಾಗುತ್ತಿತ್ತು. ಕಿವಿ ಔಷಧಿಯ ಚೀಟಿಯಲ್ಲಿ ‘ಎರಡು ಹನಿ ಕವಿಗೆ ಬಿಡಿ’ ಎಂದು ಬಿದ್ದಿದ್ದನ್ನು ಮೆಷಿನ್ ತಿರುಗುವ ಐದು ನಿಮಿಷ ಮೊದಲು ಹಿಡಿದು ಲಕ್ಷಾಂತರ ಕವಿಗಳನ್ನು ಕಾಪಾಡಿದವಳು ಇವಳೇ. ಕರಡಿನ ಕೆಳಗೆ ‘ಅಚ್ಚಿಗೆ ಹೋಗಲಿ’ ಎಂದು ಬರೆದು ಅವಳು ಸಹಿ ಹಾಕದೆ ಆ ಪ್ರೆಸ್ಸಿನಲ್ಲಿ ಒಂದು ಹಾಳೆಯೂ ಮೆಷಿನ್ ಹತ್ತುತ್ತಿರಲಿಲ್ಲ. ಅವಳಿಗೆ ಬೇರೆ ಆಸ್ತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಸಹಿಯೇ ಅವಳ ಆಸ್ತಿ.

ಇಂಥ ತಿದ್ದಮ್ಮ ಏಳೆಂಟು ತಿಂಗಳಿಂದ ಮಂಕಾಗಿದ್ದಳು. ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಫ್ಯಾನ್ ಆರಿಸುತ್ತಿದ್ದಳು, ಉಳಿದವರು ಬೆವರಿನಲ್ಲಿ ತೋಯ್ದು ಅವಳನ್ನು ಶಪಿಸುತ್ತಿದ್ದರು. ದನಿ ಒಡೆದು ಗೊಗ್ಗರಾಗಿ, ಫೋನಿನಲ್ಲಿ ಅವಳನ್ನು ಎಲ್ಲರೂ ‘ಸಾರ್’ ಎನ್ನತೊಡಗಿದ್ದರು. ಅರ್ಧ ಗಂಟೆಯ ಚೀಟಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಒಮ್ಮೆ ಪೂರ್ಣವಿರಾಮದ ಮೇಲೆ ಪೆನ್ನಿಟ್ಟವಳು ಅಲ್ಲೇ ನಿದ್ದೆಹೋಗಿ, ಆ ಪೂರ್ಣವಿರಾಮ ಹುಣಸೆಬೀಜದಷ್ಟು ದಪ್ಪವಾಗಿತ್ತು. ಯಜಮಾನರು ಮಹಡಿಯ ಮೇಲಿನ ಕೋಣೆಯಲ್ಲೇ ಕೂತು ತಾಕೀತು ಚೀಟಿ ಕಳಿಸುವವರು. ‘ಕೆಮ್ಮಿನ ಔಷಧಿ ಎಲ್ಲಿ?’ ‘ಮುಲಾಮು ಇನ್ನೂ ಯಾಕಿಲ್ಲ?’ ಎಂದೆಲ್ಲ ಬರೆದ ತುಂಡು ಕಾಗದಗಳು ಮೊದಲು ದಿನಕ್ಕೊಂದು ಬರುತ್ತಿದ್ದವು, ಈಗ ಗಂಟೆಗೊಂದು. ಕೊನೆಗೆ ಒಂದು ದಿನ ಅವರೇ ಇಳಿದು ಬಂದರು. ಎರಡು ತಿಂಗಳು ನೋಡುತ್ತೇನೆ, ಹೀಗೇ ಆದರೆ ಸಹಿ ಹಾಕುವ ಕೆಲಸ ಎರಡನೇ ಮೇಜಿಗೆ ಹೋಗುತ್ತದೆ ಎಂದು ಮೆತ್ತಗೆ ಹೇಳಿ ಹೋದರು. ಅವರು ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಎರಡನೇ ಮೇಜಿನಲ್ಲಿ ಕೂರುತ್ತಿದ್ದ ಸಹಾಯಕ ತಿದ್ದುಗಾರನಿಗೆ ಪ್ರೆಸ್ಸಿನವರು ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಂಡೇ ಅವನು ಮಾತು ಮುಂದುವರಿಸುತ್ತಿದ್ದ. ಹದಿನೈದು ವರ್ಷದಿಂದ ತಿದ್ದಮ್ಮನ ಕೈಕೆಳಗೆ ಇದ್ದವನು, ಅವಳ ಸಹಿಯ ಮೇಲೆ ಅವನಿಗೆ ಎಂದೂ ಕಣ್ಣಿರಲಿಲ್ಲ. ಆದರೂ ಆ ದಿನದಿಂದ ಅವನು ಕೆಮ್ಮಿದರೂ ತಿದ್ದಮ್ಮನಿಗೆ ಅನುಮಾನ.

ಅವಳ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಅವಳಿಗಿಂತ ಮೊದಲು ತಿಳಿದಿದ್ದು ಮನೆಯಲ್ಲಿ ಗಂಡನಿಗೆ. ಅವನು ದರ್ಜಿ, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೆಂಡತಿಯ ಬಟ್ಟೆಗಳನ್ನೆಲ್ಲ ಹೊಲಿಯುವವನು ಅವನೇ ಆದ್ದರಿಂದ ಅವಳು ಊದಿಕೊಳ್ಳುತ್ತಿರುವುದು ಅವನಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯವಾಗದೆ, ಅವಳು ಕೆಲಸಕ್ಕೆ ಹೋದಾಗ ಒಂದೊಂದೇ ಬಟ್ಟೆ ಬಿಚ್ಚಿ, ಬೆರಳಗಲ ಸಡಿಲ ಮಾಡಿ, ಮತ್ತೆ ಹೊಲಿದು ಇಡುತ್ತಿದ್ದ. ಅಂಚಿನೊಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿದ ದಿನ ಬೇರೆ ದಾರಿ ಕಾಣದೆ ಎಲ್ಲ ಒಪ್ಪಿಕೊಂಡ. ಹೊಟ್ಟೆ ಹಿಡಿಸುವಷ್ಟೂ ತಿನ್ನದವಳು ಹೀಗೆ ದಪ್ಪವಾಗುವುದು ನ್ಯಾಯವಲ್ಲ, ಡಾಕ್ಟರಿಗೆ ತೋರಿಸು ಎಂದ. ತಿದ್ದಮ್ಮ ಅವನ ಜೊತೆ ಎರಡು ದಿನ ಮಾತು ಬಿಟ್ಟು ಮೂರನೇ ದಿನ ರಕ್ತ ಪರೀಕ್ಷೆಗೆ ಹೋದಳು.

ಡಾಕ್ಟರಮ್ಮ ವರದಿ ನೋಡಿ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡುತ್ತಿದೆ, ಚಳಿ, ಮಂಪರು, ಊತ, ಒಡೆದ ದನಿ ಎಲ್ಲ ಅದರದ್ದೇ ಕಿತಾಪತಿ ಎಂದರು. ತಿದ್ದಮ್ಮ ವರದಿಯನ್ನು ಕೈಗೆ ತೆಗೆದುಕೊಂಡಳು. ಟಿಎಸ್‌ಎಚ್ ಎಂಬುದರ ಎದುರು ಮೂವತ್ತೆಂಟು ಎಂದಿತ್ತು. ಪಕ್ಕದಲ್ಲೇ, ನಾಲ್ಕೂವರೆಯೊಳಗೆ ಇರಬೇಕು ಎಂದೂ ಇತ್ತು. ಅವಳ ಕೈ ತಾನಾಗಿ ಚೀಲದೊಳಗೆ ಹೋಗಿ ಕೆಂಪು ಪೆನ್ನು ತೆಗೆಯಿತು. ಅಂಕಿಗೆ ಸುತ್ತು ಹಾಕಿ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು, ಡಾಕ್ಟರಮ್ಮನ ಮುಂದಿಟ್ಟಳು.

“ಇಲ್ಲಿ ಹೆಚ್ಚು ಅಂತಿದೆ, ನೀವು ಕಡಿಮೆ ಅಂತೀರಿ. ಎರಡರಲ್ಲಿ ಒಂದು ಅಚ್ಚಿನ ತಪ್ಪು. ಯಾವುದು ಅಂತ ಹೇಳಿದ್ರೆ ತಿದ್ದಿಕೊಡ್ತೀನಿ.”

ರೋಗಿಗಳು ಅಳುವುದನ್ನು, ಜಗಳವಾಡುವುದನ್ನು ಕಂಡಿದ್ದ ಡಾಕ್ಟರಮ್ಮ, ವರದಿಯ ಕರಡು ತಿದ್ದುವವರನ್ನು ಇದೇ ಮೊದಲು ಕಂಡದ್ದು. ನಿಮ್ಮ ಕೆಲಸ ಏನು ಎಂದು ಕೇಳಿ ತಿಳಿದುಕೊಂಡರು. ನಿಮ್ಮ ಕೆಲಸ ನಿಧಾನವಾದರೆ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ತಾಕೀತು ಚೀಟಿ ಕಳಿಸುತ್ತಾರೆ ಎಂದಳು ತಿದ್ದಮ್ಮ. ಇನ್ನೂ ನಿಧಾನವಾದರೆ? ಇನ್ನೂ ಹೆಚ್ಚು ಚೀಟಿ.

“ಈ ಮೂವತ್ತೆಂಟು ಇದೆಯಲ್ಲ, ಅದು ಆ ಚೀಟಿಗಳ ಲೆಕ್ಕಮ್ಮ. ಕುತ್ತಿಗೆಯ ಗ್ರಂಥಿ ಮಾಡೋ ಕೆಲಸದ ಲೆಕ್ಕ ಅಲ್ಲ. ಮಿದುಳಿನ ಕೆಳಗೆ ಇನ್ನೊಂದು ಪುಟ್ಟ ಗ್ರಂಥಿ ಇದೆ, ಅದೇ ನಿಮ್ಮ ಯಜಮಾನ. ಕೆಳಗೆ ಕೆಲಸ ಆಗ್ತಿಲ್ಲ, ಅದಕ್ಕೆ ಮೇಲಿಂದ ಅಷ್ಟೊಂದು ತಾಕೀತು.”

ತಿದ್ದಮ್ಮ ತಾನು ಹಾಕಿದ ಸುತ್ತಿನ ಕೆಳಗೆ ‘ಇದ್ದಂತೆಯೇ ಇರಲಿ’ ಎಂದು ಬರೆದಳು. ತನ್ನ ತಿದ್ದುಪಡಿಯನ್ನು ತಾನೇ ಹಿಂದೆ ತೆಗೆದುಕೊಂಡದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಮುಂದೆ ಡಾಕ್ಟರಮ್ಮ ಮಾತ್ರೆಯ ಬಗ್ಗೆ ಹೇಳಿದರು. ಇದು ಗ್ರಂಥಿಯನ್ನು ಬಡಿದೆಬ್ಬಿಸುವ ಔಷಧಿಯಲ್ಲ, ಗ್ರಂಥಿ ತಯಾರಿಸಬೇಕಾಗಿದ್ದ ಹಾರ್ಮೋನನ್ನೇ ಹೊರಗಿನಿಂದ ತುಂಬಿಕೊಡುವುದು, ಬಹುಶಃ ಜೀವನಪೂರ್ತಿ ಬೇಕಾಗುತ್ತದೆ ಎಂದರು. ತಿದ್ದಮ್ಮನ ಮುಖ ಅರಳಿತು. ಬಿಟ್ಟುಹೋದ ಅಕ್ಷರವನ್ನು ಸಾಲಿನ ನಡುವೆ ಸೇರಿಸಲು ತಿದ್ದುವವರು ಹಾಕುವ ಗುರುತಿಗೆ ಹಂಸಪಾದ ಎನ್ನುತ್ತಾರೆ. ಅಂದರೆ ಈ ಮಾತ್ರೆ ದಿನಕ್ಕೊಂದು ಹಂಸಪಾದ. ಈ ಹೊಳಹಿನ ಖುಷಿಯಲ್ಲಿ ಅವಳು ಎಷ್ಟು ಮುಳುಗಿದಳೆಂದರೆ ಡಾಕ್ಟರಮ್ಮ ಹೇಳಿದ ಉಳಿದ ಮಾತು ಅರ್ಧ ಗಾಳಿಗೆ ಹೋಯಿತು. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಬೇಗ ವಾಸಿಯಾಗಲೆಂದು ಎರಡೆರಡು ನುಂಗಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಏಳು ವಾರ ಕಳೆದು ಮತ್ತೆ ಪರೀಕ್ಷೆ ಮಾಡಿಸಬೇಕು, ಇಷ್ಟು ತಲೆಯಲ್ಲಿ ಉಳಿಯಿತು. ಹೊಟ್ಟೆಯ ವಿಷಯ ಏನೋ ಹೇಳಿದರು ಎಂಬುದು ಮಾತ್ರ ಮಸುಕಾಗಿ ಉಳಿಯಿತು.

ಮನೆಯಲ್ಲಿ ಗಂಡ ಡಬ್ಬಿ ತೆರೆದವನೇ ಹಿಗ್ಗಿದ. ಚೀಟಿಯ ತುದಿಯಲ್ಲಿ ಅವಳ ಪ್ರೆಸ್ಸಿನ ಗುರುತಿತ್ತು. ಡಾಕ್ಟರು ಹೊಟ್ಟೆಯ ಬಗ್ಗೆ ಏನು ಹೇಳಿದರು ಎಂದು ಕೇಳಿದ್ದಕ್ಕೆ ತಿದ್ದಮ್ಮ ಹೊದಿಕೆಯೊಳಗಿನಿಂದ, ಚೀಟಿಯಲ್ಲಿ ಇರುತ್ತದೆ ನೋಡಿ ಎಂದಳು. ಅವನು ಸಾಲಿನ ಕೆಳಗೆ ಬೆರಳಿಟ್ಟು ದೊಡ್ಡದಾಗಿ ಓದಿದ. “ಪ್ರತಿದಿನ ಬೆಳಗ್ಗೆ ಬಿರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು.” ಓದಿ ತಲೆ ಕೆರೆದುಕೊಂಡ. ಬಿರಿಹೊಟ್ಟೆ ಎಂದರೆ ಹೊಟ್ಟೆ ಬಿರಿಯುವ ಹಾಗೆ ತಿಂದ ಮೇಲೆ ಎಂದು ಅರ್ಥವೇ ಎಂದು ಕೇಳಿದ.

“ಬರೆದ ಹಾಗೆ ಮಾಡಿ ರೀ. ನಾನೇ ಸಹಿ ಹಾಕಿರೋದು,” ಎಂದು ತಿದ್ದಮ್ಮ ಮಗ್ಗುಲಾದಳು.

ಅವತ್ತಿನಿಂದ ಆ ಮನೆಯಲ್ಲಿ ಬೆಳಗಾಗುವುದೇ ಒಂದು ಸಮಾರಾಧನೆಯಾಯಿತು. ದರ್ಜಿ ಐದೂವರೆಗೆ ಎದ್ದು ಮೂರು ಮೊಟ್ಟೆ ಬೇಯಿಸುತ್ತಿದ್ದ, ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತಿದ್ದ, ಬಾಳೆಹಣ್ಣು ಸುಲಿದಿಡುತ್ತಿದ್ದ, ದೊಡ್ಡ ಲೋಟದ ತುಂಬ ಹಾಲು ಕಾಯಿಸುತ್ತಿದ್ದ. ಹಸಿವೇ ಇಲ್ಲದ ತಿದ್ದಮ್ಮ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ಸಾಕು ಎಂದರೆ, ಬಿರಿಯಿತೇ ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎಂದು ಅವಳು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಇನ್ನೊಂದು ಬ್ರೆಡ್ಡು ತಟ್ಟೆಗೆ ಬೀಳುತ್ತಿತ್ತು. ಕೊನೆಗೆ ಅವಳು ಉಸಿರಾಡಲಾರದೆ ಕೈ ಮುಗಿದಾಗ, ಸಾಸಿವೆಗಿಂತ ತುಸು ದೊಡ್ಡದಿರುವ ಮಾತ್ರೆಯನ್ನು ಕಾಫಿಯ ಜೊತೆ ಕೊಡುತ್ತಿದ್ದ. ಏಳು ವಾರ ಹೀಗೆ ನಡೆಯಿತು. ಅವಳ ಮಂಪರು ಇಳಿಯಲಿಲ್ಲ, ತೂಕ ಮಾತ್ರ ಏರಿತು. ದರ್ಜಿ ಬೇರೆ ಬಟ್ಟೆಯ ಪಟ್ಟಿ ಸೇರಿಸಿ ಹೊಲಿಯಲು ಶುರುಮಾಡಿದ್ದ. ಯಜಮಾನರು ಕೊಟ್ಟ ಎರಡು ತಿಂಗಳಲ್ಲಿ ಉಳಿದದ್ದು ಒಂದೇ ವಾರ.

ಎರಡನೇ ಸಲ ಡಾಕ್ಟರಮ್ಮನ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋದರು. ಅಂಕಿ ಮೂವತ್ತೊಂದಕ್ಕೆ ಬಂದು ನಿಂತಿತ್ತು. ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದು ಇಬ್ಬರೂ ಆಣೆ ಮಾಡಿದರು.

“ಬರಿಹೊಟ್ಟೆಯಲ್ಲಿ ತಾನೆ?”

“ಬಿರಿಹೊಟ್ಟೆಯಲ್ಲೇ,” ಎಂದಳು ತಿದ್ದಮ್ಮ. ಅವಳ ಗೊಗ್ಗರು ದನಿಯಲ್ಲಿ ‘ಬಿ’ಯ ಗುಡಿಸು ಎಲ್ಲೋ ಬಿದ್ದುಹೋಯಿತು. ಡಾಕ್ಟರಮ್ಮ ತಮಗೆ ಬೇಕಾದ್ದನ್ನೇ ಕೇಳಿಸಿಕೊಂಡರು. ಹಾಗಾದರೆ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕು ಎಂದು ಬರೆಯಲು ಪೆನ್ನೆತ್ತಿದರು. ಆಗ ದರ್ಜಿ ಅಳುವ ದನಿಯಲ್ಲಿ ಒಂದು ಮಾತು ಕೇಳಿದ.

“ಡಾಕ್ಟ್ರೇ, ಮೊಟ್ಟೆ ಮೂರರ ಬದಲು ನಾಲ್ಕು ಮಾಡ್ಲಾ?”

ಪೆನ್ನು ಗಾಳಿಯಲ್ಲೇ ನಿಂತಿತು. ಯಾವ ಮೊಟ್ಟೆ ಎಂದರು ಡಾಕ್ಟರಮ್ಮ. ಅವನು ಬೆಳಗಿನ ಪಟ್ಟಿಯನ್ನೆಲ್ಲ ಒಪ್ಪಿಸಿದ. ಯಾರು ಹಾಗೆ ಹೇಳಿದ್ದು ಎಂದು ಕೇಳಿದಾಗ ಜೇಬಿನಿಂದ ಚೀಟಿ ತೆಗೆದು ಮಡಿಕೆ ಬಿಡಿಸಿ ಕೊಟ್ಟ. ಡಾಕ್ಟರಮ್ಮ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಅತ್ತ ತಿರುಗಿದರು. ಅವರ ಭುಜ ಕುಲುಕುವುದು ಇವರಿಗೆ ಕಾಣುತ್ತಿತ್ತು. ಸಾವರಿಸಿಕೊಂಡು ಹೇಳಿದರು: ಹೊಟ್ಟೆ ಖಾಲಿ ಇರಬೇಕು, ನೀರಿನಲ್ಲಿ ಮಾತ್ರ ನುಂಗಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಕೂಡದು. ಊಟ, ಹಾಲು, ಕಾಫಿ ಇವೆಲ್ಲ ಅಡ್ಡ ಕೂತು ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ನೀವು ಏಳು ವಾರ ನುಂಗಿದ್ದರಲ್ಲಿ ಬಹುಪಾಲು ವ್ಯರ್ಥ. ಪ್ರಮಾಣ ಅಷ್ಟೇ ಇರಲಿ, ಸರಿಯಾಗಿ ತೆಗೆದುಕೊಂಡು ಮತ್ತೆ ಏಳು ವಾರಕ್ಕೆ ಬನ್ನಿ.

ತಿದ್ದಮ್ಮನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವಳು ಚೀಟಿಯನ್ನೇ ನೋಡುತ್ತಿದ್ದಳು. ‘ಬ’ ಅಕ್ಷರದ ತಲೆಯ ಮೇಲೆ ಗುಡಿಸು ಅಚ್ಚುಕಟ್ಟಾಗಿ ಕೂತಿತ್ತು. ಅಚ್ಚಾದ ತಿಂಗಳನ್ನೂ ಕೆಳಗೆ ನಮೂದಿಸಿದ್ದರು. ತಾನು ಪೂರ್ಣವಿರಾಮದ ಮೇಲೆ ನಿದ್ದೆಹೋಗಿದ್ದ ತಿಂಗಳು ಅದು.

ಮಾರನೇ ದಿನ ಚೀಟಿಯನ್ನು ಯಜಮಾನರ ಮುಂದಿಟ್ಟಳು. ಸಿಟ್ಟು ಬಂದರೆ ಕೈಗೆ ಸಿಕ್ಕವರನ್ನು ಹಿಡಿಯುವುದು ಅವರ ಸ್ವಭಾವ. ಆ ದಿನ ಸಿಕ್ಕವನು ಅಲ್ಪವಿರಾಮ. ತಿದ್ದಿದ ಕರಡಿನಂತೆ ಅಕ್ಷರ ಜೋಡಣೆಯಾಗಿದೆಯೇ ಎಂದು ತಾಳೆ ನೋಡುವುದು ಎರಡನೇ ಮೇಜಿನ ಕೆಲಸ, ಆದ್ದರಿಂದ ತಪ್ಪು ಅವನದೇ ಎಂದು ಯಜಮಾನರು ತೀರ್ಮಾನಿಸಿಬಿಟ್ಟರು. ಅವನು ಉತ್ತರ ಹೇಳಲು ಬಾಯಿ ತೆರೆದು ಮೊದಲನೇ ನಿಲುಗಡೆಯಲ್ಲಿ ನಿಂತಿದ್ದಾಗಲೇ, ನಾಳೆಯಿಂದ ಬರಬೇಡ ಎಂದರು.

ಹಳೆಯ ಕರಡುಗಳು ಇರುವುದು ಹಿಂದಿನ ಕೋಣೆಯ ಕಟ್ಟುಗಳಲ್ಲಿ. ತಿದ್ದಮ್ಮ ಒಬ್ಬಳೇ ಅಲ್ಲಿಗೆ ಹೋಗಿ ಧೂಳು ಕುಡಿಯುತ್ತ ಹುಡುಕಿದಳು. ಕರಡು ಸಿಕ್ಕಿತು. ‘ಬರಿಹೊಟ್ಟೆ’ ಎಂದು ಸರಿಯಾಗಿಯೇ ಇತ್ತು. ಅದರ ಮೇಲಿನ ಸಾಲಿನಲ್ಲಿ ‘ಚರ್ಮ ಒಣಗಿ ಬರಿಯುವುದು’ ಎಂದಿತ್ತು. ಅದು ‘ಬಿರಿಯುವುದು’ ಆಗಬೇಕು. ಆ ತಪ್ಪನ್ನು ಕಂಡುಹಿಡಿದ ಕೆಂಪು ಪೆನ್ನು, ಅಂಚಿನಲ್ಲಿ ಸೊಗಸಾದ ಗುಡಿಸೊಂದನ್ನು ಬರೆದು, ಅದರಿಂದ ಗೆರೆ ಎಳೆದು, ಒಂದು ಸಾಲು ಕೆಳಗೆ ಜಾರಿ ‘ಬರಿಹೊಟ್ಟೆ’ಯ ತಲೆಗೆ ಕಟ್ಟಿತ್ತು. ಕೆಂಪು ಶಾಯಿಯ ಆ ಗುಡಿಸು ಅವಳದೇ. ಲೋಕದಲ್ಲಿ ಬೇರೆ ಯಾರೂ ಅಷ್ಟು ದುಂಡಗೆ ಗುಡಿಸು ಬರೆಯುವುದಿಲ್ಲ. ತಪ್ಪನ್ನು ಅವಳು ನೋಡದೆ ಬಿಟ್ಟಿರಲಿಲ್ಲ, ಸರಿಯಿದ್ದುದಕ್ಕೆ ತಾನೇ ತಪ್ಪನ್ನು ಹಾಕಿದ್ದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಹಾಳೆ ಹಳೆಯದು, ಹರಿದು ಕಸದ ರಾಶಿಗೆ ಸೇರಿಸಿದರೆ ಕೇಳುವವರಿಲ್ಲ. ಅಲ್ಪವಿರಾಮ ಹೋದರೆ ಸಹಿಗೆ ಬೇರೆ ವಾರಸುದಾರನೂ ಇಲ್ಲ. ಇದೆಲ್ಲ ತಿದ್ದಮ್ಮನ ತಲೆಗೆ ಬಂದಿತು. ಬರಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಕಾಲು ಗಂಟೆ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಎದ್ದು ಬಂದು, ಎಲ್ಲರ ಎದುರು ಅದನ್ನು ಯಜಮಾನರ ಕೈಗೆ ಕೊಟ್ಟಳು.

“ಗುಡಿಸು ನನ್ನದು. ಅವನು ನಾನು ಬರೆದಿದ್ದಕ್ಕೆ ತಾಳೆ ನೋಡಿದಾನೆ, ಅಷ್ಟೆ.”

ಯಜಮಾನರು ಹಾಳೆಯನ್ನೂ ಅವಳನ್ನೂ ನೋಡಿದರು. ಅಲ್ಪವಿರಾಮ, “ಅಕ್ಕಾ, ಗುಡಿಸು ಕೆಳಗಿಳಿದಿದ್ದು, ನನಗೂ ಕಾಣಬೇಕಿತ್ತು, ಕಾಣಲಿಲ್ಲ,” ಎಂದು ಮೂರು ಕಡೆ ನಿಂತು ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ಅವನ ಕೆಲಸ ಉಳಿಯಿತು. ಸಹಿ ಮಾತ್ರ ಅವತ್ತೇ ತಿದ್ದಮ್ಮನ ಮೇಜಿನಿಂದ ಅವನ ಮೇಜಿಗೆ ಹೋಯಿತು, ನಿಮ್ಮ ವರದಿ ಸರಿಬರುವ ತನಕ ಎಂದರು ಯಜಮಾನರು. ಅವಳು ತಲೆಯಾಡಿಸಿದಳು.

ಅವಳ ಎದುರಿಗೇ ಯಜಮಾನರು ಔಷಧಿ ಕಂಪನಿಗೆ ಫೋನ್ ಮಾಡಿದರು. ತಪ್ಪೇನೆಂದು ಹೇಳುವಾಗ ಅವರ ದನಿ ಇಳಿದು ಇಳಿದು ಪಿಸುಮಾತಾಯಿತು. ಆ ಕಡೆಯವರು ಡಬ್ಬಿಗಳನ್ನು ಹಿಂದಕ್ಕೆ ತರಿಸುತ್ತೇವೆ, ಹೊಸ ಚೀಟಿ ಕೂಡಲೇ ಬೇಕು ಎಂದರಂತೆ. ಇನ್ನೊಂದು ಮಾತನ್ನೂ ಹೇಳಿದರಂತೆ, ಯಜಮಾನರು ಸಮಾಧಾನಕ್ಕೆಂದು ಅದನ್ನು ಅವಳಿಗೆ ದಾಟಿಸಿದರು. ಇಷ್ಟು ತಿಂಗಳಲ್ಲಿ ಇದನ್ನು ಕಂಡು ಹೇಳಿದವರು ಒಬ್ಬರೂ ಇಲ್ಲವಂತೆ.

ಸಹಿ ಹೋದದ್ದಕ್ಕಿಂತ ಈ ಮಾತು ತಿದ್ದಮ್ಮನನ್ನು ಹೆಚ್ಚು ನೋಯಿಸಿತು. ಮನೆಯ ತನಕ ಅದನ್ನೇ ಮೆಲುಕು ಹಾಕುತ್ತ ನಡೆದಳು. ಇಪ್ಪತ್ತೆರಡು ವರ್ಷ ಯಾರಿಗಾಗಿ ಕಣ್ಣು ಸವೆಸಿದೆ ಎನಿಸಿತು. ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿ, ಒಬ್ಬರೂ ಓದಿಲ್ಲ ಕಣ್ರೀ ಎಂದಳು.

“ನಾನು ಓದಿದ್ನಲ್ಲೇ,” ಎಂದ ಅವನು. ಈ ಒಂದನ್ನೇ ಅಲ್ಲ, ಮನೆಗೆ ಬಂದ ಪ್ರತಿ ಔಷಧಿಯ ಚೀಟಿಯನ್ನೂ ಓದುತ್ತೇನೆ, ನೀನು ಓದಿ ಕಳಿಸಿದ್ದನ್ನು ಬಿಸಾಡಲು ಮನಸ್ಸಾಗುವುದಿಲ್ಲ ಎಂದ. ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸಲು ಬಗ್ಗಿದ. ತಿದ್ದಮ್ಮ ನಿಂತಲ್ಲೇ ಅತ್ತಳು, ಅಳುತ್ತಲೇ ನಗು ಬಂತು. ಕೋಟಿ ಚೀಟಿಗಳಿಗೆ ಇಡೀ ಲೋಕದಲ್ಲಿ ಇದ್ದ ಒಬ್ಬನೇ ಓದುಗ, ಬರೆದದ್ದನ್ನು ಅಕ್ಷರಶಃ ನಂಬಿ, ಅವಳಿಗೆ ಏಳು ವಾರ ದಿನಕ್ಕೆ ಮೂರು ಮೊಟ್ಟೆ ತಿನ್ನಿಸಿದ್ದ.

ಮರುದಿನದಿಂದ ಅವಳು ಎದ್ದಕೂಡಲೇ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರೆ ನುಂಗಿ ಒಂದು ಗಂಟೆ ಕೂತಿರುತ್ತಿದ್ದಳು. ಅವಳೊಬ್ಬಳೇ ಕಾಫಿಗೆ ಕಾಯುವುದು ಸರಿಯಲ್ಲವೆಂದು ಗಂಡನೂ ಎದುರಿಗೆ ಹಸಿದುಕೊಂಡು ಕೂರುತ್ತಿದ್ದ. ಮೂರನೇ ವಾರ ಅವಳು ಸ್ವೆಟರ್ ತೆಗೆದಳು. ಐದನೇ ವಾರ ಫೋನಿನಲ್ಲಿ ಯಾರೋ ಅವಳನ್ನು ‘ಮೇಡಂ’ ಎಂದರು. ಏಳನೇ ವಾರದ ವರದಿಯಲ್ಲಿ ತಾಕೀತಿನ ಅಂಕಿ ನಾಲ್ಕಕ್ಕೆ ಇಳಿಯಿತು. ವಾಸಿಯಾಯಿತೆಂದು ಮಾತ್ರೆ ಬಿಡಬೇಡಿ, ಮಾತ್ರೆ ಇರುವುದರಿಂದಲೇ ನಾಲ್ಕು ಎಂದು ಡಾಕ್ಟರಮ್ಮ ಎಚ್ಚರಿಸಿದರು. ಯಜಮಾನರು ವರದಿ ನೋಡಿ, ಅಲ್ಪವಿರಾಮನ ಮೇಜಿನಿಂದ ಒಂದು ಕರಡನ್ನು ತಾವೇ ಎತ್ತಿ ತಂದು ಅವಳ ಮುಂದಿಟ್ಟರು. ಕಣ್ಣಿನ ಔಷಧಿಯ ಚೀಟಿ ಅದು.

ಅವಳು ಕೊನೆಯಿಂದ ಮೊದಲಿನವರೆಗೆ ಓದಿದಳು. ಒಂದೂ ತಪ್ಪು ಕಾಣಲಿಲ್ಲ. ಆದರೂ ಸಹಿ ಹಾಕಲಿಲ್ಲ. ಅದು ಅಚ್ಚಿಗೆ ಹೋಗಬೇಕಾದದ್ದು ಮರುದಿನ ಬೆಳಗ್ಗೆ. ಸಂಜೆ ಅದನ್ನು ಚೀಲದಲ್ಲಿಟ್ಟು ಮನೆಗೆ ತಂದು, ಇದನ್ನು ಓದಿ ಬರೆದ ಹಾಗೆ ಮಾಡಿ ಎಂದು ಗಂಡನ ಕೈಗೆ ಕೊಟ್ಟಳು.

ಅವನು ಬೆರಳಿಟ್ಟು ಮುಂದಿನಿಂದ ಹಿಂದಕ್ಕೆ, ಜನ ಓದುವ ಹಾಗೆ ಓದಿದ. ತಲೆಯನ್ನು ಹಿಂದಕ್ಕೆ ವಾಲಿಸಿ ಎಂದಿದ್ದಲ್ಲಿ ವಾಲಿಸಿದ. ಕೆಳರೆಪ್ಪೆಯನ್ನು ಎಳೆಯಿರಿ ಎಂದಿದ್ದಲ್ಲಿ ಎಳೆದ. ಇಲ್ಲದ ಔಷಧಿಯ ಒಂದು ಹನಿಯನ್ನು ಗಂಭೀರವಾಗಿ ಬಿಟ್ಟುಕೊಂಡ. ಎರಡು ನಿಮಿಷ ಕಣ್ಣು ಮುಚ್ಚಿರಿ ಎಂಬಲ್ಲಿಗೆ ಬಂದು ಕಣ್ಣು ಮುಚ್ಚಿದ. ಕುತ್ತಿಗೆಯಲ್ಲಿ ಅಳತೆ ಟೇಪು, ಮೇಲೆತ್ತಿದ ಮುಖ. ತಿದ್ದಮ್ಮ ಕೆಂಪು ಪೆನ್ನು ಹಿಡಿದುಕೊಂಡು ಆ ಮುಖವನ್ನೇ ನೋಡುತ್ತ ಕೂತಳು.

“ತೆಗೀಲೇನೆ?” ಎಂದು ಕೇಳಿದ.

“ಇನ್ನೂ ಒಂದು ನಿಮಿಷ ಇದೆ,” ಎಂದು ಅವಳು ಸಹಿ ಹಾಕಿದಳು.